ರಿ ಇಲ್ಲದ ಪ್ರಶ್ನೆ

ಅಮರಗೋಳ, ಹುಬ್ಬಳ್ಳಿ
೧೮ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ಮಗ ಕುಮಾರಸ್ವಾಮಿಗೆ ಅವ್ವನ ಆಶೀರ್ವಾದ.

ಅಲ್ಲಿ ಚಳಿ ಹೇಗಿದೆ? ಅರುಣಾಚಲದ ಬೆಟ್ಟದೊಳಗೆ ಸುರಂಗದ ಅಳತೆ ಮಾಡುವವರಿಗೆ ಬಿಸಿಲು ಕಾಣುವುದೇ ಅಪರೂಪ ಎಂದು ಹೇಳಿದ್ದೆ. ಕಿವಿಗೆ ಮಫ್ಲರ್ ಸುತ್ತಿಕೊಂಡು ಓಡಾಡು. ದೀಪಾವಳಿಯ ಹೊತ್ತಿಗೆ ಇದ್ದ ಕೆಮ್ಮು ಪೂರ್ತಿ ಹೋಯಿತೋ ಇಲ್ಲವೋ ತಿಳಿಸು. "ಆರಾಮ ಅದೇನಿ" ಎನ್ನುವುದು ಉತ್ತರವಲ್ಲ, ಅದನ್ನು ನೀನು ಮೈ ಸುಡುವ ಜ್ವರದಲ್ಲೂ ಹೇಳುತ್ತಿದ್ದೆ. ಇಲ್ಲಿ ನಾವೆಲ್ಲ ಕ್ಷೇಮ. ಎಪಿಎಂಸಿ ಯಾರ್ಡಿಗೆ ಶೇಂಗಾ ಬರುವುದು ಜೋರಾಗಿದೆ, ನಿನ್ನ ಅಪ್ಪ ಮಧ್ಯಾಹ್ನದ ಊಟಕ್ಕೂ ಮನೆಗೆ ಬರುವುದಿಲ್ಲ. ನನ್ನ ಮೊಣಕಾಲು ಇದ್ದಂತೆಯೇ ಇದೆ, ಅದರ ಸುದ್ದಿ ಬೇಡ. ನಿನಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿ ಇಟ್ಟಿದ್ದೇನೆ. ಅದರ ಮಾತು ಕೊನೆಗೆ ಬರೆಯುತ್ತೇನೆ.

ನಿನ್ನ ಮೆಸೇಜು ಗುರುವಾರ ಬಂತು. ಫಾರೂಕನ ಮನಸ್ಸಿಗೆ ನೋವಾಗಿದೆ, ಆರತಿಗೆ ಆ ಕೆಲಸ ಕೊಡಿಸಿದವನೇ ಅವನು, ಅವನ ಜೊತೆ ವಾದ ಬೇಡವೆಂದು ನಿನ್ನ ಹೆಂಡತಿಗೆ ನಾನು ಬುದ್ಧಿ ಹೇಳಬೇಕು ಎಂದು ಬರೆದಿದ್ದೀ. ಇಂಥ ಮಾತಿಗೆ ಮೆಸೇಜಿನಲ್ಲಿ ಉತ್ತರ ಕೊಡುವವಳು ನಾನಲ್ಲ. ನಾನು ಕೂತು ಬರೆಯುತ್ತಿದ್ದೇನೆ, ನೀನೂ ಕೂತು ಓದು.

ಆರತಿಯ ಕೆಲಸವನ್ನು ನಾನು ತಿಳಿದುಕೊಂಡ ಹಾಗೆ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ರಾಯಾಪುರದ ಅವರ ಆಫೀಸಿನಲ್ಲಿ ಒಬ್ಬರು ಬರೆದ ಕಂಪ್ಯೂಟರ್ ಕೋಡನ್ನು ಇನ್ನೊಬ್ಬರು ಓದಿ ಒಪ್ಪದ ಹೊರತು ಅದು ಬಳಕೆಗೆ ಹೋಗುವುದಿಲ್ಲ. ಎಷ್ಟೇ ದೊಡ್ಡವನಿದ್ದರೂ ಅಷ್ಟೇ. ಅದಕ್ಕೆ ಕೋಡ್ ರಿವ್ಯೂ ಅನ್ನುತ್ತಾರೆ. ಫಾರೂಕ ಅವಳಿಗಿಂತ ಹಿರಿಯ, ಆದರೂ ಅವನು ಬರೆದದ್ದನ್ನು ಓದುವ ಪಾಳಿ ಇವಳದು. ಹೋದ ವರ್ಷವೆಲ್ಲ ಇವಳು ಏನು ಮಾಡಿದಳು ಗೊತ್ತೇ? ಅವನು ಏನು ಕಳಿಸಿದರೂ "ಛಲೋ ಐತ್ರಿ ಅಣ್ಣಾರ" ಎಂದು ಬರೆದು ಒಪ್ಪಿಗೆ ಕೊಟ್ಟಳು. ಗಂಡನ ಗೆಳೆಯ, ಕೆಲಸಕ್ಕೆ ಸೇರಿಸಿದವನು, ಅವನ ತಪ್ಪು ಹೇಗೆ ಹುಡುಕುವುದು ಎಂಬ ಸಂಕೋಚ. ಹಿರಿಯರ ಜೊತೆ ರಿ ಹಚ್ಚದೆ ಒಂದು ಮಾತೂ ಆಡಬಾರದು ಎಂದು ಮದುವೆಯಾಗಿ ಬಂದ ದಿನವೇ ನಾನು ಹೇಳಿದ್ದೆ. ಅದು ಈ ಮನೆಯ ಪದ್ಧತಿ, ಅದಕ್ಕೆ ನಾನು ಇವತ್ತಿಗೂ ನಾಚುವುದಿಲ್ಲ. ಆದರೆ ರಿ ಹಚ್ಚು ಎಂದಿದ್ದೆನೇ ಹೊರತು ಓದದೆ ಒಪ್ಪು ಎಂದಿರಲಿಲ್ಲ.

ಈಗ ಅವರು ಮಾಡಿರುವುದು ನಮ್ಮ ಯಾರ್ಡಿನ ಕೆಲಸ. ರೈತರು ಹೆಸರು ಬರೆಸಿದರೆ ಮಾಲು ಯಾವಾಗ ತರಬೇಕೆಂದು ಅವರ ಫೋನಿಗೆ ಕನ್ನಡದಲ್ಲೇ ಸಂದೇಶ ಹೋಗುತ್ತದೆ. ಚಕ್ಕಡಿ, ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕಾಯುವುದು ತಪ್ಪುತ್ತದೆ. ಇವತ್ತೇ ಅದು ಶುರುವಾಗಬೇಕೆಂದು ಗೊತ್ತುಮಾಡಿದ್ದರು. ಗುಮಾಸ್ತರು ಒಬ್ಬನ ಹೆಸರನ್ನೇ ಎರಡು ಸಲ ಬರೆಯುತ್ತಾರೆಂದು ಫಾರೂಕ ಒಂದು ಉಪಾಯ ಮಾಡಿದ. ಒಂದೇ ಊರು, ಒಂದೇ ಮನೆತನ, ಒಂದೇ ಹೆಸರು ಮತ್ತೆ ಬಂದರೆ ಎರಡನೆಯದು ತಾನಾಗಿಯೇ ಅಳಿಸಿಹೋಗಬೇಕು. ಆರತಿ ಈ ಸಲ ಓದಿದಳು. ಓದಿ ನಿಂತಳು. ಅವಸರದಲ್ಲಿ ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದಳು: ಎರಡನೆಯವನನ್ನು ಅಳಿಸಿದ್ದು ಯಾಕೆ? ಅಷ್ಟೇ. ಆ ಭಾಷೆಯಲ್ಲಿ ರಿ ಎಲ್ಲಿಂದ ಬರಬೇಕು? ಆಫೀಸಿನ ಎಲ್ಲರೂ ನೋಡುವ ಜಾಗದಲ್ಲಿ ಅದು ಬೋಳಾಗಿ ಕೂತಿತು. ವರ್ಷವಿಡೀ ಛಲೋ ಐತ್ರಿ ಕೇಳಿದವನಿಗೆ ಅದು ಕಪಾಳಕ್ಕೆ ಹೊಡೆದ ಹಾಗಾಯಿತು. "ವೈನಿ ಈಗ ನನ್ನ ಪರೀಕ್ಷಾ ತಗೊಳ್ಳಾಕತ್ತಾರ" ಎಂದು ತನ್ನ ಈ ಅತ್ತಿಗೆಯ ಮೇಲೆ ಮುನಿದನಂತೆ. ಆಮೇಲೆ ನಿನಗೆ ಫೋನು ಮಾಡಿದ. ಇವಳು ಒಪ್ಪಿಗೆ ಕೊಡದೆ ಇಡೀ ಆಫೀಸಿನ ಕೆಲಸ ನಿಂತಿತು. ಇವಳದೇ ತಪ್ಪಾಗಿದ್ದರೆ ಮತ್ತೆ ಅಲ್ಲಿ ಇವಳ ಮಾತಿಗೆ ಬೆಲೆ ಇರುತ್ತಿರಲಿಲ್ಲ.

ನಿನ್ನ ಅಪ್ಪನಿಗೆ ಎಲ್ಲದರಲ್ಲೂ ತಮಾಷೆ. "ಅದರ ಹೆಸರ ರಿವ್ಯೂ. ನಿನ್ನ ಸೊಸಿ ರಿ ಬಿಟ್ಟು ಬರೀ ವ್ಯೂ ಮಾಡ್ಯಾಳ" ಎಂದರು. ನಾನು ನಗಲಿಲ್ಲ. ಆರತಿಯನ್ನು ಕರೆದು ನಿಲ್ಲಿಸಿ ಕೇಳಿದೆ, "ಏನವಾ, ದೊಡ್ಡವರಿಗೆ ಹಿಂಗ ಬರೀತಾರೇನು?" ಅವಳು ತಲೆ ತಗ್ಗಿಸಲಿಲ್ಲ. "ಬರದ ರೀತಿ ತಪ್ಪೈತ್ರಿ ಅತ್ತಿ. ಕೇಳಿದ್ದು ತಪ್ಪಿಲ್ರಿ. ರೀತಿ ತಿದ್ದತೇನಿ, ಒಪ್ಪಿಗಿ ಮಾತ್ರ ಕೊಡಂಗಿಲ್ರಿ" ಎಂದಳು. ಈ ಮನೆಯಲ್ಲಿ ನನ್ನೆದುರು ಹೀಗೆ ನಿಂತು ಮಾತಾಡಿದವರು ಯಾರಿದ್ದಾರೆ ಹೇಳು? ನೀನಂತೂ ಅಲ್ಲ. ಮೊದಲು ಸಿಟ್ಟು ಬಂತು. ಒಂದು ಲೋಟ ನೀರು ಕುಡಿಯುವುದರೊಳಗೆ ಹೆಮ್ಮೆ ಬಂತು. ಅದನ್ನು ಅವಳಿಗೆ ತೋರಿಸಲಿಲ್ಲ, ನೀನೂ ಹೇಳಬೇಡ.

ಶುಕ್ರವಾರ ಅಡುಗೆ ಮುಗಿದ ಮೇಲೆ ಊಟದ ಮೇಜಿನ ಮೇಲೆಯೇ ಕಂಪ್ಯೂಟರ್ ಇಟ್ಟುಕೊಂಡು ಹೊಸದಾಗಿ ಬರೆದಳು, ನನಗೆ ಕನ್ನಡದಲ್ಲಿ ಓದಿ ಹೇಳಿದಳು. ನೆಟ್‌ವರ್ಕ್ ಹೋದರೂ ಸಂದೇಶ ಕಳೆಯದ ಹಾಗೆ ಫಾರೂಕ ಮಾಡಿದ ಏರ್ಪಾಡು ಬಹಳ ಚೆನ್ನಾಗಿದೆ, ನಾನು ಅದರಿಂದ ಕಲಿತೆ ಎಂದು ಮೊದಲಿಗೇ ಇತ್ತು. ಇದು ಬೆಣ್ಣೆ ಹಚ್ಚುವುದೇನು ಎಂದು ಕೇಳಿದರೆ, "ಖರೇನ ಕಲ್ತೇನ್ರಿ, ಇಲ್ಲಂದ್ರ ಬರೀತಿರಲಿಲ್ಲ" ಎಂದಳು. ಆಮೇಲೆ ಆ ಅಳಿಸುವ ಮಾತು. ಎಲ್ಲಿಯೂ "ನೀವು ಅಳಿಸಿದಿರಿ" ಎಂದಿರಲಿಲ್ಲ, "ಈ ಸಾಲು ಅಳಿಸುತ್ತದೆ" ಎಂದಿತ್ತು. ಅಜ್ಜನ ಹೆಸರನ್ನು ಮೊಮ್ಮಕ್ಕಳಿಗೆಲ್ಲ ಇಡುವ ಮನೆಗಳಲ್ಲಿ ಏನಾಗುತ್ತದೆ, ಸಂದೇಶ ಸಿಗದ ರೈತ ಮನೆಯಲ್ಲೇ ಕಾಯುತ್ತ ಕೂತರೆ ಅವನ ಪಾಳಿ ಹೇಗೆ ತಪ್ಪುತ್ತದೆ, ಅಳಿಸುವ ಬದಲು ಇಬ್ಬರೋ ಒಬ್ಬನೋ ಎಂದು ಗುಮಾಸ್ತನನ್ನೇ ಕೇಳಬಹುದಲ್ಲವೇ, ಎಲ್ಲ ಬಿಡಿಸಿ ಬರೆದಿದ್ದಳು. ತುದಿಗೆ ಒಂದೆರಡು ಸಣ್ಣ ಮಾತು, "ಇವು ನನ್ನ ಅಭಿರುಚಿ ಅಷ್ಟೇ, ಬಿಟ್ಟರೂ ನಡೆಯುತ್ತದೆ" ಎಂದು. ನಡೆಯುವುದಾದರೆ ಹಾಗೆಂದು ಬರೆಯುವುದು ಯಾಕೆ ಎಂದೆ. "ಹೇಳಲಿಲ್ಲಂದ್ರ ಎಲ್ಲಾ ಒಂದ ತೂಕದ್ದು ಅನಸತೈತ್ರಿ. ಯಾವುದು ತಿದ್ದಾಕಬೇಕು, ಯಾವುದು ಬಿಟ್ರ ನಡೀತೈತಿ, ಅವರಿಗೆ ತಿಳೀಬೇಕಲ್ರಿ" ಎಂದಳು. ರಿ ಇಲ್ಲದ ಭಾಷೆಯಲ್ಲಿ ಮರ್ಯಾದೆ ಎಲ್ಲಿಡುತ್ತೀ ಎಂದು ಕೇಳಿದೆ. ಆಗ ಹೇಳಿದಳು ನೋಡು: "ಇಂಗ್ಲಿಷಿನಾಗ ರಿ ಇಲ್ರಿ ಅತ್ತಿ, ಅದರ ಜಾಗಾದಾಗ ಕಾರಣ ಬರೀಬೇಕ್ರಿ." ಈ ಮಾತನ್ನು ನಿನ್ನ ಅಪ್ಪ ಬಂದ ಕೂಡಲೇ ಹೇಳಿದೆ, ಪಕ್ಕದ ಮನೆಯಲ್ಲೂ ಹೇಳಿದೆ.

ಅಷ್ಟು ಬರೆದವಳು ಅದನ್ನು ಕಳಿಸಲಿಲ್ಲ. ನೊಂದವರಿಗೆ ಮತ್ತೆ ಬರೆದು ಕಳಿಸಬಾರದು, ಎದುರು ಕೂತು ಆಡಬೇಕು ಎಂದು ಫಾರೂಕನಿಗೆ ಫೋನು ಮಾಡಿ ಭಾನುವಾರ ಚಹಾಕ್ಕೆ ಕರೆದಳು. ಬಂದ. "ಆರಾಮದೀರಿ ಏನ್ರಿ ಅವ್ವಾರ" ಎಂದು ಕೇಳಿದ, ನನ್ನ ಜೊತೆ ಯಾವಾಗಲೂ ಮಾಡುವ ಚೇಷ್ಟೆ ಇಲ್ಲ. ಗಿರಮಿಟ್ ಮಾಡಿ ಬಿಸಿ ಮಿರ್ಚಿ ಭಜಿ ಕರಿದಿಟ್ಟೆ. ಒಂದು ತಿಂದು ತಟ್ಟೆ ಸರಿಸಿದ. ಫಾರೂಕ ಎರಡನೆಯ ಮಿರ್ಚಿ ಬೇಡವೆಂದಾಗ ನೋವು ಎಷ್ಟು ಆಳಕ್ಕೆ ಇಳಿದಿದೆ ಎಂದು ನನಗೆ ತಿಳಿಯಿತು.

"ವೈನಿ, ಊರು ಒಂದ, ಮನಿತನ ಒಂದ, ಹೆಸರು ಒಂದ. ಇಬ್ಬರು ಹೆಂಗ ಇರ್ತಾರ್ರಿ? ಗುಮಾಸ್ತ ಎರಡ ಸಲ ಬರದಾನ, ಅಷ್ಟ" ಎಂದ. ಆರತಿ ವಾದಕ್ಕೆ ಹೋಗಲಿಲ್ಲ. ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದಳು. "ಇರಲಿಕ್ಕಿಲ್ಲ ಬಿಡ್ರಿ ಅಣ್ಣಾರ. ಆದ್ರೂ ಎರಡು ಹೆಸರು ಹಾಕಿ ನೋಡ್ರಿ. ಹೆಬ್ಬಳ್ಳಿಯ ಕುಮಾರಸ್ವಾಮಿ, ನಮ್ಮ ದೊಡ್ಡ ಮಾವನವರ ಮಗ. ಹೆಬ್ಬಳ್ಳಿಯ ಕುಮಾರಸ್ವಾಮಿ, ನಿಮ್ಮ ದೋಸ್ತ." ಅವನ ಕೈ ಅಲ್ಲಿಯೇ ನಿಂತಿತು. ಆಮೇಲೆ ಎರಡೂ ಹೆಸರು ಒತ್ತಿದ. ಪರದೆಯ ಮೇಲೆ ಒಂದೇ ಉಳಿಯಿತು. ನಿನ್ನ ದೊಡ್ಡಪ್ಪನ ಮಗ ಇದ್ದ, ನೀನು ಇರಲಿಲ್ಲ.

ನೆನಪಿದೆಯಲ್ಲ, ನಮ್ಮೂರು ಹೆಬ್ಬಳ್ಳಿಯಲ್ಲಿ ಆ ಕುಮಾರ ಸಾಲಿ ತಪ್ಪಿಸಿದ್ದಕ್ಕೆ ಮಾಸ್ತರರು ನಿನಗೆ ಹೊಡೆದದ್ದು? ಅವತ್ತಿನಿಂದ ನಿನ್ನನ್ನು "ಎರಡನೇ ಕುಮಾರ" ಎಂದು ಕಾಡಿದವನೇ ಈ ಫಾರೂಕ. ಅವನಿಗೆ ಗೊತ್ತಿರದ ಮಾತೇ ಅಲ್ಲ. ಬರೆಯುತ್ತ ಕೂತಾಗ ನೆನಪಾಗಲಿಲ್ಲ, ಓದಿದವಳಿಗೆ ನೆನಪಾಯಿತು. ಅದಕ್ಕೇ ಅಲ್ಲವೇ ಇನ್ನೊಬ್ಬರು ಓದಬೇಕಾದದ್ದು? "ಅವ್ವಾರ, ನನ್ನ ಎರಡನೇ ಕುಮಾರನ್ನ ನಾನ ಅಳಿಸಿಬಿಟ್ಟೇನ್ರಿ" ಎಂದು ಅವನು ನಗಲು ಶುರು ಮಾಡಿದ, ಕಣ್ಣಲ್ಲಿ ನೀರು ಬರುವ ತನಕ. ಒಳಗಿನಿಂದ ನಿನ್ನ ಅಪ್ಪ, "ಛಲೋ ಮಾಡಿದಿ ಬಿಡೋ, ಫೋನ್ ಮಾಡಲಾರದ ಮಗಾ ಇದ್ರೇನು, ಹೋದ್ರೇನು" ಎಂದರು. ಫಾರೂಕ ತಟ್ಟೆಯನ್ನು ಹತ್ತಿರ ಎಳೆದುಕೊಂಡ. ಮಿರ್ಚಿ ಮತ್ತೆ ಕರಿಯಬೇಕಾಯಿತು.

ಆಮೇಲೆ ಇಬ್ಬರೂ ಕೂತು ತಿದ್ದಿದರು. ಗುಮಾಸ್ತನನ್ನು ಕೇಳುವ ಇವಳ ಉಪಾಯದಲ್ಲಿ ಒಂದು ತೊಡಕು ಇದೆ, ಗುಮಾಸ್ತ ಉತ್ತರಿಸುವ ತನಕ ಇಬ್ಬರಿಗೂ ಸಂದೇಶ ಹೋಗುವುದಿಲ್ಲ ಎಂದು ಫಾರೂಕ ತೋರಿಸಿದ. "ಹೌದ್ರಿ ಅಣ್ಣಾರ, ನಿಮ್ಮದ ಖರೇ ಐತಿ" ಎಂದು ಇವಳು ಆ ಕ್ಷಣಕ್ಕೇ ಬಿಟ್ಟುಕೊಟ್ಟಳು, ಮುಖ ಸಣ್ಣದಾಗಲಿಲ್ಲ. ನನಗೆ ಅವಳು ಗೆದ್ದದ್ದಕ್ಕಿಂತ ಇದು ಹೆಚ್ಚು ಹಿಡಿಸಿತು. ಹೊರಡುವಾಗ ಫಾರೂಕ, ಇನ್ನು ಮೇಲೆ ತನ್ನದೆಲ್ಲವನ್ನೂ ವೈನಿಯೇ ನೋಡಬೇಕು ಎಂದ. "ನೋಡತೇನ್ರಿ, ಆದ್ರ ಸಣ್ಣ ಸಣ್ಣ ತುಂಡು ಮಾಡಿ ಕಳಸ್ರಿ. ದೊಡ್ಡ ಗಂಟು ಕಳಿಸಿದ್ರ ಓದೂದ ಬ್ಯಾಸರಾಗಿ ಮತ್ತ ಛಲೋ ಐತ್ರಿ ಅಂತ ಬರದಬಿಡತೇನಿ" ಎಂದಳು. ಇವತ್ತು ಬೆಳಿಗ್ಗೆ ಒಪ್ಪಿಗೆ ಕೊಟ್ಟಳು. ಏನು ಬರೆದಿ ಎಂದು ಕೇಳಿದೆ. ಕನ್ನಡದಲ್ಲೇ ಬರೆದಿದ್ದಳು: ಛಲೋ ಐತ್ರಿ ಅಣ್ಣಾರ. ಹೋದ ವರ್ಷವೂ ಇದೇ ಮಾತಲ್ಲವೇ ಎಂದೆ. "ಈ ಸಲ ಓದಿ ಬರದೇನ್ರಿ ಅತ್ತಿ" ಎಂದಳು.

ಮಗನೇ, ಹೊತ್ತಿಗೆ ಸರಿಯಾಗಿ ಊಟ ಮಾಡು, ಸುರಂಗದೊಳಗೆ ಹೆಲ್ಮೆಟ್ ತೆಗೆಯಬೇಡ. ಅಪ್ಪ ಆಶೀರ್ವಾದ ಹೇಳಿದ್ದಾರೆ. ಅಳಿಸಿಹೋದವನಿಗೆ ಫಾರೂಕನ ಸಲಾಮು. ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅವ್ವ,
ಮುರಿಗೆವ್ವ

ತಾ.ಕ.: ಆರತಿ ನಿನ್ನ ಮೇಲೆ ಏನೂ ದೂರಲಿಲ್ಲ. ಅವತ್ತು ನೀನು ಅವಳಿಗೆ ಏನು ಕಳಿಸಿದ್ದೆ ಎಂದು ನಾನೇ ಕೇಳಿದೆ, ಸುಮ್ಮನೆ ಫೋನು ಮುಂದೆ ಹಿಡಿದಳು. "ಸುಮ್ನ ಓಕೆ ಕೊಡು." ನಾನೂ ಓದಿ ನೋಡಿದ್ದೇನೆ. ಗೆಳೆಯನ ನೋವು ನಿನಗೆ ತಟ್ಟಿತು, ಅದು ಚೆನ್ನಾಗಿದೆ. ನನಗೆ ಕಳಿಸಿದ ಮೆಸೇಜಿನಲ್ಲಿ ಕಾಗುಣಿತ ತಪ್ಪಿದೆ, ಬಿಟ್ಟರೂ ನಡೆಯುತ್ತದೆ. ತಿದ್ದಲೇಬೇಕಾದದ್ದು ಒಂದೇ, ಅವಳಿಗೆ ಬರೆದ ಆ ಮಾತು. ಹೆಂಡತಿಗೆ ರಿ ಹಚ್ಚಲಿಲ್ಲ, ಇರಲಿ. ಆದರೆ ಕಾರಣವೂ ಇಲ್ಲ, ಏನಾಯಿತೆಂದು ಕೇಳಿಯೂ ಇಲ್ಲ. ತಿದ್ದಿ ಅವಳಿಗೇ ಕಳಿಸು. ಅವಳು ಓದಿ ಛಲೋ ಐತಿ ಅನ್ನುವ ತನಕ ರೊಟ್ಟಿಯ ಗಂಟು ಈ ಮನೆ ಬಿಟ್ಟು ಹೊರಡುವುದಿಲ್ಲ.