ಮೇಲಿನಿಂದ ಇಳಿದ ಚಳಿಗಾಳಿ

ಅಪ್ಪಾ,

ನಿನ್ನ ಮೇಲೆ ಕೆಂಡದಂಥ ಕೋಪ ಬಂದಿದೆ! ನಿನ್ನೆ ಗಂಡನ ಜೊತೆ (ಗಂಡ ಎಂದು ಬರೆಯುವುದಕ್ಕೇ ಎಷ್ಟು ಖುಷಿ!) ಮೊದಲ ಸಲ ಸಿನಿಮಾಕ್ಕೆ ಹೋಗಿದ್ದೆ. ಪರದೆಯ ಮೇಲೆ ಹವಾಮಾನ ಕೆಟ್ಟು, ಆಕಾಶದಿಂದ ಇಳಿದ ಚಳಿಗಾಳಿಗೆ ಇಡೀ ನಗರ ಕ್ಷಣದಲ್ಲಿ ಹೆಪ್ಪುಗಟ್ಟಿತು. ಹೆದರಿ ಅವನ ಕೈ ಹಿಡಿಯಬೇಕಾದವಳು, "ಸುಳ್ಳು! ಕೆಳಗಿಳಿಯೋ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತೆ!" ಎಂದು ಥೇಟ್ ನಿನ್ನ ಹಾಗೆ ಕೂಗಿಬಿಟ್ಟೆ.

"ಅಮ್ಮಾ ತಾಯಿ, ಪಾಠ ಮನೇಲಿ ಮಾಡಮ್ಮ," ಎಂದರು ಹಿಂದಿನ ಸೀಟಿನವರು.

ಅವನು ಮಾತ್ರ ಪರದೆ ಬಿಟ್ಟು ನನ್ನ ಕಡೆ ತಿರುಗಿದ. "ಹೌದೇನೇ? ಮತ್ತೆ ಆಗಲೇ ತೋರಿಸಿದ್ರಲ್ಲ, ಸಮುದ್ರದ ಹರಿವು ನಿಧಾನ ಆಗಿ ಚಳಿ ಬರೋದು?"

"ಅದು ನಿಜ ಇರಬಹುದು, ಆದ್ರೆ ಎಷ್ಟೋ ವರ್ಷ ಹಿಡಿಯುತ್ತೆ."

"ಯಾಕೆ?"

ನೀನು ನನಗೆ ಹೇಳಿಕೊಟ್ಟಿದ್ದು ಅಲ್ಲಿಗೆ ಮುಗಿದಿತ್ತು. ಹವಾಮಾನ ಕಚೇರಿಯಲ್ಲಿ ಜನ್ಮ ಸವೆಸಿದವನು ನೀನು. 'ಯಾಕೆ' ಎಂದು ಕೇಳುವ ಅಳಿಯ ಬರುವ ಮೊದಲೇ ಕಣ್ಣು ಮುಚ್ಚುವ ಅವಸರವೇನಿತ್ತು? ನೀವಿಬ್ಬರೂ ಅಕ್ಕಪಕ್ಕ ಕೂತಿದ್ದರೆ ನನಗೆ ಒಂದು ಸಿನಿಮಾವನ್ನೂ ನೆಟ್ಟಗೆ ನೋಡಲು ಬಿಡುತ್ತಿರಲಿಲ್ಲ.