ಒಲೆಯ ಸದ್ದಿನ ಕೆಳಗೆ ಒಂದು ಹೆಸರು

ಅಖ್ಮೀಮ್
ನವೆಂಬರ್ ೧೮

ಪ್ರೀತಿಯ ಕೌಸರ್ ಖಾಲಾ,

ಅಸ್ಸಲಾಮು ಅಲೈಕುಮ್. ನಿಮ್ಮ ಸೊಂಟ ಈಗ ಹೇಗಿದೆ? ಕೋಲಿಲ್ಲದೆ ಅಂಗಳದವರೆಗಾದರೂ ನಡೆಯುತ್ತಿದ್ದೀರಾ? ನಿಮ್ಮ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತೆ, ಕ್ಷಮಿಸಿ. ಬರೆಯೋಣ ಅಂತ ಕೂತಾಗ ಯಾರಾದರೊಬ್ಬರು ದುಃಖ ಕೇಳಲು ಬಂದುಬಿಡುತ್ತಿದ್ದರು. ಯಾರೂ ಬರದ ದಿನ ಮನೆ ಬಿಕೋ ಅನ್ನುತ್ತಿತ್ತು, ಆಗಲೂ ಪೆನ್ನು ಓಡಲಿಲ್ಲ. ಗಾಜಿನ ಮೇಲೆ ಬೆರಳಾಡಿಸಿ ಬರೆದದ್ದು ಕಾಗದ ಅಲ್ಲ ಅಂತ ಹಟ ಹಿಡಿದು ನೀವು ಇವತ್ತಿಗೂ ಆ ಹಳೇ ಲ್ಯಾಂಡ್‌ಲೈನಿಗೇ ಅಂಟಿಕೊಂಡಿದ್ದೀರಿ. ನಿಮ್ಮ ಹಟದ ದೆಸೆಯಿಂದ ನನಗೂ ಬರೆಯೋ ಅಭ್ಯಾಸ ತಪ್ಪಿಲ್ಲ.

ಅಮ್ಮನ ನಲವತ್ತನೇ ದಿನ ಮುಗಿಯಿತು. ಕುರಾನ್ ಓದಿಸಿದೆವು, ಓಣಿಯವರಿಗೆಲ್ಲ ಊಟ ಹಾಕಿದೆವು. ಎಲ್ಲರೂ ಅನ್ನ, ಮಾಂಸ ಚೆನ್ನಾಗಿತ್ತು ಅಂದರು. ರೊಟ್ಟಿಯ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ, ಯಾಕೆಂದರೆ ಅದನ್ನು ಅಂಗಡಿಯಿಂದ ತರಿಸಿದ್ದೆವು. ಅಮ್ಮನ ಮನೆಯಲ್ಲಿ ಅಂಗಡಿ ರೊಟ್ಟಿ! ತಂಗಿಯ ನಲವತ್ತಕ್ಕೂ ಬರಲಾಗಲಿಲ್ಲ ಅಂತ ನೀವು ಕೊರಗಬೇಡಿ. ಮುರಿದ ಸೊಂಟ ಇಟ್ಟುಕೊಂಡು ರೈಲು ಹತ್ತಿದ್ದರೆ ಅಮ್ಮನೇ ಎದ್ದು ಬಂದು ಬೈತಿದ್ದಳು.

ಆ ವಿಡಿಯೋ ಏನು, ನನಗೊಂದು ಸಲ ಬರೆದು ತೋರಿಸು ಅಂತ ಕೇಳಿದ್ದಿರಲ್ಲ, ಅದನ್ನೇ ಬರೀತೀನಿ. ಓದೋದಕ್ಕೆ ಬೇಜಾರಾದರೆ ಎತ್ತಿಟ್ಟು ಚಹಾ ಕುಡಿದು ಬನ್ನಿ.

ಹೋದ ಚಳಿಗಾಲದ ಕೊನೆಯಲ್ಲಿ ಕಾಲೇಜಿನಲ್ಲಿ ನಮಗೆ ಪಾಠ ಮಾಡುವ ಡಾಕ್ಟರ್ ಲಮ್ಯಾ ಒಂದು ಕೆಲಸ ಕೊಟ್ಟರು. ಕೆಲಸ ಮಾಡುತ್ತಿರುವ ಒಬ್ಬ ಮನುಷ್ಯನನ್ನು ಫೋನಿನಲ್ಲಿ ಹಿಡಿದು, ಕತ್ತರಿಸಿ ಜೋಡಿಸಿ, ಚಿಕ್ಕ ವಿಡಿಯೋ ಮಾಡಿ ತರಬೇಕು. ಉಳಿದವರೆಲ್ಲ ನೇಯ್ಗೆಯವರು, ಕುಂಬಾರರು ಅಂತ ಹುಡುಕಿಕೊಂಡು ಓಡಿದರು. ನಾನು ಮಾಳಿಗೆ ಹತ್ತಿದೆ. ಅಲ್ಲಿ ಅಮ್ಮ ಬಿಸಿಲು ರೊಟ್ಟಿಯ ಹಿಟ್ಟನ್ನು ಮಣ್ಣಿನ ತಟ್ಟೆಗಳ ಮೇಲೆ ಬಿಸಿಲಲ್ಲಿ ಉಬ್ಬಲು ಇಟ್ಟು, ಕೋಳಿ ಅಟ್ಟುತ್ತಾ ಕೂತಿದ್ದಳು.

"ಅಮ್ಮ, ನಿನ್ನ ವಿಡಿಯೋ ಮಾಡ್ತೀನಿ."

"ನಿಂಗೆ ಬೇರೆ ಕೆಲಸ ಇಲ್ವಾ? ಆ ಕೋಳೀದು ಮಾಡು, ಅದಕ್ಕೆ ನಾಚಿಕೆ ಇಲ್ಲ."

ಮೊದಲ ಎರಡು ದಿನ ತೆಗೆದದ್ದೆಲ್ಲ ಕಸ. ಫೋನು ಕಂಡ ಕೂಡಲೇ ಅಮ್ಮ ಗುರುತಿನ ಚೀಟಿಗೆ ಕೂತವಳ ಹಾಗೆ ಸೆಟೆದುಕೊಳ್ಳುತ್ತಿದ್ದಳು. ಆಮೇಲೆ ನಾನು ಫೋನನ್ನು ಹಿಟ್ಟಿನ ಡಬ್ಬಕ್ಕೆ ಆನಿಸಿಟ್ಟು, ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿಯಲು ಶುರು ಮಾಡಿದೆ. ಅಮ್ಮ ಮರೆತಳು. ಬೆರಳು ತಾವೇ ಓಡಿದವು. ಉಬ್ಬಿದ ಹಿಟ್ಟಿನ ಸುತ್ತ ಮುಳ್ಳಿನಿಂದ ಗೀರಿ ಅಂಚಿಗೆ ಕಿವಿಯಂಥ ಮೂಲೆ ಬಿಡಿಸೋದು, ನೆರಳು ಬಂದ ಹಾಗೆ ತಟ್ಟೆಗಳನ್ನು ಬಿಸಿಲಿಗೆ ಸರಿಸೋದು. ಅವಳು ಬಿಸಿಲನ್ನು ನೋಡುತ್ತಲೇ ಇರಲಿಲ್ಲ, ಖಾಲಾ. ಬೆನ್ನಿಗೆ ಬಿಸಿ ತಾಕದಿದ್ದರೆ ಸರಿಸುತ್ತಿದ್ದಳು. ಅಷ್ಟು ವರ್ಷ ಆ ಮನೆಯಲ್ಲೇ ಇದ್ದ ನನಗೆ ಅದು ಕಂಡದ್ದು ಎಡಿಟ್ ಮಾಡಲು ಕೂತಾಗ.

ಎಡಿಟ್ ಅಂದರೆ ಏನು ಗೊತ್ತಾ? ಅಕ್ಕಿ ಆರಿಸಿದ ಹಾಗೆ. ಒಳ್ಳೆ ಕಾಳನ್ನೂ ಎಸೆಯಬೇಕು, ಅದೇ ಸಂಕಟ. ಹಿಟ್ಟು ಉಬ್ಬೋದನ್ನ ಅರ್ಧ ಬೆಳಗಿನಷ್ಟು ತೆಗೆದಿದ್ದೆ. ಅದನ್ನು ಒಂದು ಉಸಿರಿನಷ್ಟಕ್ಕೆ ಇಳಿಸಿದೆ. ಬಿಸಿಲು ಚೆಂದ ಕಾಣಲಿ ಅಂತ ಬಣ್ಣ ಏರಿಸಿದೆ, ಮಾಳಿಗೆಯೆಲ್ಲ ಮಾವಿನ ರಸ ಚೆಲ್ಲಿದ ಹಾಗಾಯಿತು. ಡಾಕ್ಟರ್ ಲಮ್ಯಾ ನೋಡಿ, "ಸಾಬ್ರೀನ್, ಬಿಸಿಲಿಗೆ ಬಣ್ಣ ಬಳಿಯೋಕೆ ನೀನ್ಯಾರು?" ಅಂದರು. ಮನೆಗೆ ಬಂದು ಅಷ್ಟನ್ನೂ ತೆಗೆದೆ. ಹಾಡು ಹಾಕಿದ್ದೆ, ಅದನ್ನೂ ತೆಗೆದೆ. ಒಲೆಯ ಚಟಪಟ, ಕೋಳಿ, ಅಮ್ಮನ ಬಳೆ, ಇಷ್ಟೇ ಉಳಿಸಿದೆ. ಆಗ ಮೊದಲ ಸಲ ಅದು ನನ್ನದು ಅನ್ನಿಸಿತು.

ಕೊನೆಗೊಂದು ಶಾಟ್ ಬೇಕಿತ್ತು. ಅಮ್ಮ ಒಲೆಯ ಮುಂದೆ ಕೂತಿದ್ದಳು, ಕೆನ್ನೆಗೆ ಹಿಟ್ಟು ಮೆತ್ತಿತ್ತು. ನಾನು ಫೋನಿನ ಹಿಂದಿನಿಂದ ಕೇಳಿದೆ, "ಇಷ್ಟೆಲ್ಲ ಮಾಡಿದವರು ಯಾರಮ್ಮ?"

"ಇನ್ಯಾರು? ಶಹಾತನ ಅಮ್ಮ."

"ಅದು ಅಣ್ಣನ ಹೆಸರು. ನಿಂದು?"

ಅವಳು ನಕ್ಕಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಸೆರಗು ತೆಗೆದು, ನೇರ ಫೋನಿನ ಕಡೆ ನೋಡಿ, ತನ್ನ ಹೆಸರು ಹೇಳಿದಳು. ಮಧ್ಯದಲ್ಲಿ ಒಂದು ಕಡೆ ತಡವರಿಸಿದಳು, ಬಹಳ ದಿನ ಬೀಗ ತೆಗೆಯದ ಬಾಗಿಲು ನೂಕಿದ ಹಾಗೆ. ಅಪ್ಪ ಇರುವಷ್ಟು ದಿನವೂ "ನಮ್ಮ ಮನೆಯವರು" ಅಂದರೇ ಹೊರತು ಹೆಸರು ಹಿಡಿಯಲಿಲ್ಲ. ಅವಳ ಮದುವೆಗೆ ಕರೆದ ಚೀಟಿಯಲ್ಲೂ ನಮ್ಮ ಅಜ್ಜನ ಹೆಸರು, "ಅವರ ಸುಪುತ್ರಿ" ಅಂತ ಮಾತ್ರ ಇತ್ತು. ನಿಮ್ಮದರಲ್ಲೂ ಹಾಗೇ ಇತ್ತಾ, ಖಾಲಾ? ಯಾವತ್ತೂ ಕೇಳೇ ಇಲ್ಲ ನಾನು.

ಡಾಕ್ಟರ್ ಲಮ್ಯಾ ಆ ಶಾಟನ್ನು ಮತ್ತೆ ಮತ್ತೆ ಹಾಕಿಸಿ ನೋಡಿದರು. "ನೀನು ಮಾಡಿರೋದು ರೊಟ್ಟಿ ವಿಡಿಯೋ ಅಲ್ಲ ಕಣಮ್ಮ. ಈ ಹೆಸರಿಗೆ ಇಷ್ಟೆಲ್ಲ ಪೀಠಿಕೆ," ಅಂದರು. ಕಾಲೇಜಿನ ಸಭೆಯಲ್ಲಿ ತೋರಿಸಿ, ಆಮೇಲೆ ವಿಭಾಗದ ಪೇಜಿಗೂ ಹಾಕೋಣ ಅಂದರು. ನಾನು ಬೀಗಿದೆ. ಬೀಗಿ ಮನೆಯಲ್ಲಿ ಊಟದ ತಟ್ಟೆ ಮುಂದೆ ಎಲ್ಲರಿಗೂ ತೋರಿಸಿದೆ.

ಶಹಾತ ಅಣ್ಣ ಕೊನೆಯವರೆಗೂ ಚೆನ್ನಾಗಿಯೇ ನೋಡಿದ. ಕೋಳಿಗೆ ನಕ್ಕ. ಹೆಸರು ಬಂತು ನೋಡಿ, ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

"ತೆಗಿ ಅದನ್ನ."

"ಯಾಕೆ? ಅಮ್ಮನ ಹೆಸರಲ್ವಾ?"

"ನೀನು ಕಾಲೇಜಲ್ಲಿ ಕೂತು ಬರ್ತೀಯ. ನಾನು ಮೈಕ್ರೋಬಸ್ ಸ್ಟ್ಯಾಂಡಿನಲ್ಲಿ ನಿಲ್ಲಬೇಕು. ನಾಳೆ ಡ್ರೈವರುಗಳೆಲ್ಲ ನನ್ನನ್ನ ಅಮ್ಮನ ಹೆಸರು ಹಿಡಿದು ಕೂಗ್ತಾರೆ. ಪ್ಯಾಸೆಂಜರ್ ಮುಂದೆ ಕೂಗ್ತಾರೆ. ಆಗ ನಾನು ಯಾರ ಹಲ್ಲು ಉದುರಿಸಲಿ, ನೀನೇ ಹೇಳು."

"ಮುಖ ಇದೆಯಲ್ಲ ಅದರಲ್ಲಿ. ಅದು ಪರವಾಗಿಲ್ವಾ?"

"ಮುಖ ಊರಿಗೆಲ್ಲ ಗೊತ್ತು, ದಿನಾ ರೊಟ್ಟಿ ಒಯ್ಯೋಕೆ ಬರ್ತಾರೆ. ಹೆಸರು ಮನೇದು."

ನಿಮಗೆ ಗೊತ್ತು, ಅವನು ಕೆಟ್ಟವನಲ್ಲ. ಅಪ್ಪ ಹೋದಾಗಿನಿಂದ ಮನೆ ಎಳೆದವನು ಅವನೇ. ಸ್ಕೂಲಿನಲ್ಲಿ ಯಾರೋ ಅವನ ಪುಸ್ತಕದಲ್ಲಿ ಅಮ್ಮನ ಹೆಸರು ನೋಡಿ, ವರ್ಷವಿಡೀ ಕೂಗಿ ಕೂಗಿ ಅವನನ್ನು ಅಳಿಸಿದ್ದರಂತೆ, ಅಮ್ಮನೇ ಹೇಳಿದ್ದಳು. ಆದರೂ ನಾನು ಅವತ್ತು ಸೋಲುವ ಹಾಗಿರಲಿಲ್ಲ. ಹಟ ನನಗೂ ಬಂದಿದೆ, ಎಲ್ಲಿಂದ ಅಂತ ನಿಮಗೆ ಹೇಳಬೇಕಿಲ್ಲ. ಸೋಲಿಸಿದ್ದು ಅಮ್ಮ. ತಟ್ಟೆ ಎತ್ತುತ್ತಾ, ನನ್ನ ಮುಖ ನೋಡದೆ ಹೇಳಿದಳು. "ತೆಗೆದುಬಿಡು ಪುಟ್ಟಿ. ಇಷ್ಟು ದಿನ ಅದಿಲ್ಲದೆ ನಡೀಲಿಲ್ವಾ? ಅಣ್ಣ ತಂಗಿ ನೀವಿಬ್ಬರೂ ಚೆನ್ನಾಗಿರಿ, ನಂಗೆ ಅಷ್ಟು ಸಾಕು."

ತೆಗೆದೆ. ಆ ಜಾಗದಲ್ಲಿ ಅಮ್ಮನ ದನಿ ಅಡಗಿಸಿ, ಮೇಲೆ ಒಲೆಯ ಸದ್ದು ಹೊದಿಸಿದೆ. ಕೆಲಸ ಎಷ್ಟು ಸಲೀಸಾಯಿತು ಅಂದರೆ ನನಗೇ ಅಸಹ್ಯವಾಯಿತು. ಅಮ್ಮ ನೇರ ನೋಡುತ್ತಾಳೆ, ತುಟಿ ಅಲುಗುತ್ತದೆ, ಒಲೆಯಲ್ಲಿ ಖರ್ಜೂರದ ಗರಿ ಉರಿಯೋ ಚಟಪಟ ಕೇಳುತ್ತದೆ, ಅಷ್ಟೇ. ಸಭೆಯಲ್ಲಿ ಚಪ್ಪಾಳೆ ಬಿತ್ತು. ನನ್ನ ಹಿಂದೆ ಕೂತಿದ್ದ ಹುಡುಗಿ, "ಕೊನೆಗೆ ಅವರೇನೋ ಹೇಳ್ತಾರೆ, ಒಲೆ ಗಲಾಟೇಲಿ ಕೇಳಿಸಲೇ ಇಲ್ಲ," ಅಂದಳು. ಡಾಕ್ಟರ್ ಲಮ್ಯಾ ಒಳ್ಳೆ ಅಂಕ ಕೊಟ್ಟು, ಮುಂದಿನ ಹುಡುಗಿಯ ಹೆಸರು ಕರೆದರು.

ಆಮೇಲೆ ಬೇಸಿಗೆ ಬಂತು. ಅಮ್ಮನ ಕಣ್ಣು ಹಳದಿಯಾಯಿತು. ಲಿವರ್ ಅಂದರು, ಹೊಟ್ಟೆ ಊದಿಕೊಂಡಿತು, ಉಳಿದದ್ದು ನಿಮಗೆ ಗೊತ್ತು. ರೊಟ್ಟಿಯ ತಟ್ಟೆಗಳನ್ನು ನಾನೇ ಗೋಡೆಗೆ ಒರಗಿಸಿಟ್ಟೆ. ಅವು ಇನ್ನೂ ಅಲ್ಲೇ ಇವೆ, ಕೋಳಿ ಅದರ ನೆರಳಲ್ಲಿ ಮೊಟ್ಟೆ ಇಡ್ತಿದೆ.

ಅವಳು ಹೋದ ದಿನ ಮಸೀದಿಯ ಮೈಕಿನಲ್ಲಿ ಕೂಗಿದರು. "ಹಾಜಿ ಸಾಬಿತರ ಹೆಂಡತಿ, ಡ್ರೈವರ್ ಶಹಾತನ ತಾಯಿ ತೀರಿಕೊಂಡಿದ್ದಾರೆ." ಅಪ್ಪನ ಹೆಸರು, ಅಣ್ಣನ ಹೆಸರು, ಎರಡೆರಡು ಸಲ ಕೂಗಿದರು. ಓಣಿಯ ತುದಿಯಲ್ಲಿ ಹೊಸದಾಗಿ ಮದುವೆಯಾಗಿ ಬಂದವಳೊಬ್ಬಳು ನನ್ನನ್ನು ತಬ್ಬಿಕೊಂಡು ಅತ್ತು, ಆಮೇಲೆ ಕಿವಿಯಲ್ಲಿ ಮೆಲ್ಲಗೆ ಕೇಳಿದಳು, "ದುವಾ ಮಾಡಬೇಕು, ಅವರ ಹೆಸರೇನು?" ದಿನಾ ನಮ್ಮ ಮನೆ ರೊಟ್ಟಿ ತಿಂದವಳು ಅವಳು.

ಹೋದ ವಾರ ಒಂದು ಸಂಗತಿ ನಡೆಯಿತು. ಶಹಾತ ಅಣ್ಣ ಮಾಳಿಗೆಗೆ ಬಂದು, "ಅಮ್ಮಂದೊಂದು ಫೋಟೋ ಮಾಡಿಕೊಡ್ತೀಯಾ? ಯಾರಿಗೂ ತೋರಿಸಲ್ಲ, ನನ್ನ ಫೋನಿಗೆ," ಅಂದ. ಗುರುತಿನ ಚೀಟಿಯದು ಬೇಡವಂತೆ, ಅದರಲ್ಲಿ ಹೆದರಿದ ಹಾಗಿದ್ದಾಳಂತೆ. ಹಾಗಾಗಿ ಆ ವಿಡಿಯೋ ತೆರೆದೆ. ಅಮ್ಮ ನೇರ ನೋಡುವುದು ಇಡೀ ವಿಡಿಯೋದಲ್ಲಿ ಒಂದೇ ಜಾಗ, ನಿಮಗೆ ಗೊತ್ತೇ ಇದೆ ಯಾವುದು ಅಂತ. ಅಲ್ಲಿ ನಿಲ್ಲಿಸಿ, ಒಂದು ಚಿತ್ರ ಎತ್ತಿಕೊಂಡೆ. ಹಿಂದಿನ ಹೊಗೆ ತೆಳು ಮಾಡಿದೆ, ಕಣ್ಣಿಗೆ ಸ್ವಲ್ಪ ಬೆಳಕು ಕೊಟ್ಟೆ, ಕೆನ್ನೆಯ ಹಿಟ್ಟು ಒರೆಸಿದೆ. ನೀಟಾಗಿ ಬಂದಿದೆ ಅಂತ ತೋರಿಸಿದೆ.

ಅವನು ನೋಡಿ, "ಹಿಟ್ಟು ಎಲ್ಲಿ?" ಅಂದ.

"ತೆಗೆದೆ."

"ವಾಪಸ್ ಹಾಕು. ಹಿಟ್ಟಿಲ್ಲದಿದ್ರೆ ಯಾರೋ ಹೆಂಗಸು ಅದು."

ಹಾಕಿದೆ. ಹಿಟ್ಟನ್ನು ವಾಪಸ್ ತರುವುದು ಸುಲಭ, ಒಂದು ಬೆರಳು ಒತ್ತಿದರೆ ಸಾಕು. ಅವನು ಫೋನನ್ನು ಮುಖದ ಹತ್ತಿರ ಹಿಡಿದು ನೋಡುತ್ತಾ ಕೇಳಿದ, "ಬಾಯಿ ತೆರೆದಿದೆಯಲ್ಲ, ಇಲ್ಲಿ ಏನು ಹೇಳ್ತಿದ್ದಾಳೆ?" ನಾನು ಅವನನ್ನೇ ನೋಡಿದೆ. ಅವನಿಗೆ ಹೊಳೆಯಿತು. ಗೋಡೆಯ ಕಡೆ ತಿರುಗಿ, ಒರಗಿಸಿಟ್ಟ ತಟ್ಟೆಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಅತ್ತ, ಖಾಲಾ. ಅಪ್ಪ ಹೋದಾಗಲೂ ಅವನು ಹಾಗೆ ಅತ್ತಿರಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು, "ಆ ವಿಡಿಯೋದಲ್ಲಿ ಹೆಸರು ಹಾಕಿಬಿಡು, ಯಾರು ಏನು ಕೂಗಿದರೂ ಕೂಗಲಿ," ಅಂದ. ಆಯ್ತು ಅಂದೆ. ನನಗೆ ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು.

ಔಷಧಿ ತಪ್ಪಿಸಬೇಡಿ. ಚಳಿಗೆ ಸೊಂಟಕ್ಕೆ ಉಣ್ಣೆ ಸುತ್ತಿಕೊಳ್ಳಿ. ಪಕ್ಕದ ಮನೆಯವರ ಜೊತೆ ಮೆಟ್ಟಿಲಿಗಾಗಿ ಜಗಳ ಆಡಬೇಡಿ, ಆಡಿದರೂ ಕೂತು ಆಡಿ. ಅಲ್ಲಾಹ್ ನಿಮಗೆ ಆಯುಸ್ಸು ಕೊಡಲಿ, ನಮ್ಮ ಪಾಲಿಗೆ ಉಳಿದಿರುವ ದೊಡ್ಡವರು ನೀವೊಬ್ಬರೇ. ನಿಮ್ಮ ಕೈಗೆ ನನ್ನ ಮುತ್ತು. ನನಗಾಗಿ ದುವಾ ಮಾಡಿ.

ನಿಮ್ಮ
ಸಾಬ್ರೀನ್

ಮರೆತದ್ದು: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ಅಣ್ಣನಿಗೆ ಆಯ್ತು ಅಂದೆನಲ್ಲ, ಅದು ಆಗೋದಿಲ್ಲ. ಅಮ್ಮ ಹೆಸರು ಹೇಳಿದ ಮೂಲ ಶಾಟ್ ನನ್ನ ಹತ್ತಿರ ಇಲ್ಲ. ಕೆಲಸ ಮುಗಿದ ಮೇಲೆ ಮೂಲದ್ದನ್ನೆಲ್ಲ ಅಳಿಸಿ ಮುಂದಿನದಕ್ಕೆ ಜಾಗ ಮಾಡಿಕೊಳ್ಳೋದು ನಮ್ಮಲ್ಲಿ ಎಲ್ಲರ ರೂಢಿ, ಫೋನು ಎಷ್ಟು ಅಂತ ಹಿಡಿದೀತು? ಹಾಗೇ ಅದೂ ಹೋಯಿತು. ಇದು ಅಣ್ಣನಿಗೆ ಗೊತ್ತಿಲ್ಲ.

ಆಸ್ಪತ್ರೆಯಲ್ಲಿ ಕೊನೆಯ ವಾರ ಅಮ್ಮ ನನ್ನ ಕೈ ಹಿಡಿದು, "ಆ ಜಾಗದಲ್ಲಿ ನನ್ನ ಮಾತು ಮತ್ತೆ ಹಾಕು ಪುಟ್ಟಿ. ನಾನು ಹೋದ ಮೇಲೆ ಶಹಾತ ಏನೂ ಅನ್ನಲ್ಲ," ಅಂದಳು. "ಹಾಕಿದ್ದೀನಮ್ಮ," ಅಂದೆ. ಅವಳ ಮುಖ ಅರಳಿತು. "ಕೇಳಿಸು," ಅಂದಳು. ಫೋನು ಆಫ್ ಆಗಿದೆ ಅಂದೆ. ಅದು ನನ್ನ ಜೇಬಲ್ಲೇ ಇತ್ತು, ಚೆನ್ನಾಗಿಯೇ ಇತ್ತು. ಮಾರನೇ ದಿನ ಅವಳು ಕೇಳಲಿಲ್ಲ. ನನ್ನ ಜೇಬನ್ನು ಮಾತ್ರ ನೋಡುತ್ತಾ ಮಲಗಿದ್ದಳು.

ಅಪ್ಪ ಇದ್ದಾಗ ನೀವು ಫೋನ್ ಮಾಡಿದರೆ, ಅಮ್ಮ ಒಳಗೆ ಒಲೆ ಮುಂದೆ ಕೂತಿರುವಾಗಲೇ, "ಎಲ್ಲಿದ್ದೀಯ ನೀನು, ಮನೆಗೆ ಬಾ," ಅಂತ ಅಮ್ಮನೇ ಅಂದುಕೊಂಡು ನಿಮ್ಮನ್ನು ಗದರುತ್ತಿದ್ದರು. ಇಬ್ಬರ ದನಿ ಅಷ್ಟು ಒಂದೇ. ರಜೆ ಸಿಕ್ಕ ಕೂಡಲೇ ರೈಲು ಹತ್ತಿ ಬರ್ತೀನಿ. ನಿಮಗೆ ಆ ಗಾಜಿನ ಫೋನು ಆಗಿಬರಲ್ಲ ಅಂತ ಗೊತ್ತು, ನನಗಾಗಿ ಒಂದು ಸಲ ಅದರ ಮುಂದೆ ಬಾಯಿ ಬಿಡಿ. ಅಮ್ಮನ ತುಟಿ ಅಲ್ಲಿ ಇನ್ನೂ ಅಲುಗುತ್ತಾ ಇದೆ, ದನಿಯೊಂದು ಸಾಲವಾಗಿ ಬೇಕಾಗಿದೆ. ಮಧ್ಯದಲ್ಲಿ ಸ್ವಲ್ಪ ತಡವರಿಸಿ. ಇಷ್ಟುದ್ದ ಕಾಗದದಲ್ಲಿ ನಾನೂ ಆ ಹೆಸರನ್ನು ಒಂದು ಸಲ ಬರೆದಿಲ್ಲ, ನೋಡಿ. ನೀವು ಹೇಳಬೇಕಾದ್ದು ಇಷ್ಟೇ:

ನಾನು ಇನಾಯಾತ್.