ತಲೆಗೆ ತಾಗುವ ಸೇತುವೆಯ ಕುರಿತು ಕಾಲುವೆಯ ಮೇಲಧಿಕಾರಿಗಳಿಗೆ

ಮಾನ್ಯರೇ,

ತಾವು ನನಗೆ ಕಟ್ಟಿಸಿಕೊಟ್ಟ ಸೇತುವೆ ಒಬ್ಬ ಹೆಂಗಸನ್ನು ಕೊಂದಿತು. ಅದನ್ನು ಎತ್ತರಿಸಿ ಎಂದು ತಮ್ಮ ಕಚೇರಿಗೆ ಬರೆದೂ ಬರೆದೂ ಸಾಕಾಗಿ, ಈಗ ಊರ ಪತ್ರಿಕೆಯಲ್ಲಿ ಎಲ್ಲರ ಎದುರು ಬರೆಯುತ್ತಿದ್ದೇನೆ. ಗುಟ್ಟಾಗಿ ಕೇಳಿದ್ದು ತಮ್ಮ ಕಿವಿಗೆ ಬೀಳಲಿಲ್ಲ. ನಾಲ್ಕು ಜನರ ಮುಂದೆ ಕೇಳಿದರೆ ಬಿದ್ದೀತೇನೋ.

ನಾನು ಕಾಲುವೆಯ ವೈರಿಯಲ್ಲ. ನಾನೂ ನನ್ನ ಹೆಂಡತಿ ಹುಲ್ಡಾಳೂ ವರ್ಮಾಂಟಿನ ಕಲ್ಲುನೆಲ ಬಿಟ್ಟು ಪಶ್ಚಿಮಕ್ಕೆ ಹೊರಟಾಗ ಕಾಲುವೆ ಎಲ್ಲಿತ್ತು? ಎತ್ತಿನ ಗಾಡಿ, ಅಚ್ಚು ಮುಳುಗುವ ಕೆಸರು, ಮುಗಿಯದ ಕಾಡು. ನಮ್ಮ ಮೊದಲ ಕೂಸು ಆ ದಾರಿಯಲ್ಲೇ ಜ್ವರ ಬಂದು ತೀರಿಕೊಂಡಿತು. ಹೂತದ್ದು ಯಾವ ಮರದ ಬುಡದಲ್ಲಿ ಎಂದರೆ ಇವತ್ತಿಗೂ ಹುಲ್ಡಾ ಒಂದು ಮರ ಹೇಳುತ್ತಾಳೆ, ನಾನೊಂದು ಹೇಳುತ್ತೇನೆ. ಇಲ್ಲಿ ಬೆಳೆದ ಗೋಧಿಯನ್ನು ಪೇಟೆಗೆ ಸಾಗಿಸುವುದಕ್ಕಿಂತ ಹಂದಿಗೆ ಹಾಕುವುದೇ ಲಾಭ ಎನ್ನುವ ಕಾಲವೂ ಇತ್ತು. ಕಾಲುವೆಗೆ ನೀರು ಬಿಟ್ಟ ದಿನ ನಾನು ಟೋಪಿ ತೆಗೆದು ನಿಂತಿದ್ದೆ. ಈಗ ಸಂಸಾರಕ್ಕೆ ಸಂಸಾರವೇ ತೊಟ್ಟಿಲು, ಕೋಳಿಗೂಡು, ನೂಲುವ ರಾಟೆ ಸಮೇತ ಒಂದು ಹನಿ ಕೆಸರು ತಾಗದಂತೆ ಮಿಚಿಗನ್ನಿಗೆ ತೇಲಿಹೋಗುತ್ತದೆ. ರಾಷ್ಟ್ರವೇ ಮುನ್ನಡೆಯುತ್ತಿದೆ ಎಂದು ತಮ್ಮ ವಾರ್ಷಿಕ ವರದಿ ಕೊಂಡಾಡುತ್ತದೆ. ನಿಜ. ಆದರೆ ಮುನ್ನಡೆಯುವ ರಾಷ್ಟ್ರಕ್ಕೆ ತಲೆ ಎಂಬುದೊಂದು ಇರುತ್ತದೆಂದು ಸೇತುವೆ ಕಟ್ಟುವಾಗ ಯಾರಿಗೂ ನೆನಪಾಗಲಿಲ್ಲವೇ?

ಕಾಲುವೆ ನನ್ನ ಹೊಲವನ್ನು ಎರಡು ಹೋಳು ಮಾಡಿತು. ಈಚೆ ಮನೆ, ಆಚೆ ಗೋಧಿ. ದಾಟಲು ಸೇತುವೆ ಕೊಡುವುದು ಸರ್ಕಾರದ ಹೊಣೆಯಾಗಿತ್ತು, ಕೊಟ್ಟಿರಿ. ಎತ್ತರ ಕಟ್ಟಿದರೆ ಎರಡು ಬದಿಗೂ ಮಣ್ಣು ಏರಿಸಬೇಕು, ಖರ್ಚು ಹೆಚ್ಚು. ಆದ್ದರಿಂದ ದೋಣಿಯ ಛಾವಣಿ ಹೇಗೋ ನುಸುಳುವಷ್ಟು ಎತ್ತರದಲ್ಲಿ ತೊಲೆ ಹಾಸಿ ಕೈತೊಳೆದುಕೊಂಡಿರಿ. ಒಳಗಿನ ಸೆಕೆ ತಾಳಲಾರದೆ ಪ್ರಯಾಣಿಕರು ಛಾವಣಿಯ ಮೇಲೆ ಕೂರುತ್ತಾರೆ. ಚುಕ್ಕಾಣಿಯವನು "ಸೇತುವೆ! ಬಗ್ಗೀ!" ಎಂದು ಕೂಗಿದೊಡನೆ ಎಲ್ಲರೂ ಮುದುರಿಕೊಳ್ಳಬೇಕು.

ಎರಡು ವರ್ಷದ ಹಿಂದಿನ ಬೇಸಿಗೆಯ ಮಾತು. ಹುಲ್ಡಾ ದಡದಲ್ಲಿ ಬಟ್ಟೆ ಒಗೆಯುತ್ತಿದ್ದಳು, ನಾನು ಕಣದಲ್ಲಿದ್ದೆ. ದಡದ ಹಾದಿಯಲ್ಲಿ ಮೂರು ಕುದುರೆಗಳು ಹಗ್ಗ ಕಟ್ಟಿ ಎಳೆಯುತ್ತಿದ್ದ ದೋಣಿ ಓಡುತ್ತ ಬಂತು. ಚುಕ್ಕಾಣಿಯವನು ಕೂಗಿದ, ಎಲ್ಲರೂ ಬಗ್ಗಿದರು. ಪೆಟ್ಟಿಗೆಗಳ ಮುಂದೆ ಸೇತುವೆಗೆ ಬೆನ್ನು ಮಾಡಿ ಕೂತಿದ್ದ ಒಬ್ಬಳಿಗೆ ಮಾತ್ರ ಕೇಳಿಸಲಿಲ್ಲ. ಹುಲ್ಡಾ ಎರಡೂ ಕೈ ಮೇಲೆತ್ತಿ ಬೀಸುತ್ತ ಕಿರುಚಿದಳು. ದಡದ ಜನ ಕೈ ಬೀಸುವುದು, ದೋಣಿಯವರು ಮರಳಿ ಬೀಸುವುದು ಈ ಕಾಲುವೆಯ ರೂಢಿ. ಆ ಹೆಂಗಸು ಅದನ್ನೂ ಹಾಗೆಯೇ ತಿಳಿದಳು. ನಕ್ಕಳು. ಮರಳಿ ಕೈ ಬೀಸಲೆಂದು ಎದ್ದು ನಿಂತಳು.

ತೊಲೆಗೂ ಪೆಟ್ಟಿಗೆಗಳಿಗೂ ನಡುವೆ ಸಿಕ್ಕಿಕೊಂಡಳು. ಕುದುರೆಗಳು ನಿಲ್ಲುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೆಸರು ಡಾರ್ಕಸ್. ನಮ್ಮ ಅಡುಗೆಮನೆಯ ಮೇಜಿನ ಮೇಲೆ ಮಲಗಿಸಿದೆವು. ಹುಲ್ಡಾ ಅವಳ ಕೂದಲಿನ ರಕ್ತ ತೊಳೆದಳು. ಗಂಡ ಜೋಥಮ್ ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನು ಅವುಚಿಕೊಂಡು ಬಾಗಿಲಲ್ಲಿ ಕೂತಿದ್ದ.

"ತಾಯೀ, ಕೊನೇಗೆ ಅವಳನ್ನ ನೋಡಿದ್ದು ನೀವಲ್ವಾ? ಹೆದರಿದ್ಲಾ?" ಎಂದು ಕೇಳಿದ.

"ಇಲ್ಲಪ್ಪಾ, ನಗ್ತಾ ಇದ್ಲು" ಎಂದಳು ಹುಲ್ಡಾ.

ಮರುದಿನ ದಡದ ದಿಬ್ಬದ ಮೇಲೆ ಮಣ್ಣು ಮಾಡಿದೆವು. ನಾಲ್ಕು ದಿನ ಇದ್ದು ಹೋಗು ಎಂದೆ ಜೋಥಮ್‌ಗೆ. "ಇದ್ದು ಏನ್ಮಾಡ್ಲಿ ಯಜಮಾನ್ರೇ? ಹಿಂದಕ್ಕೆ ಹೋಗೋಣಾಂದ್ರೆ ಮನೆ ಮಾರಿಬಿಟ್ಟಿದೀನಿ. ಮುಂದೆ ನಮ್ಮಣ್ಣ ಭೂಮಿ ಹಿಡ್ಕೊಂಡು ಕಾಯ್ತಿದಾನೆ" ಎಂದವನು ಮುಂದಿನ ದೋಣಿ ಹತ್ತಿದ. ಪಕ್ಕದ ಹೊಲದ ಸೇತುವೆ ನಮ್ಮ ದಡದಿಂದಲೇ ಕಾಣುತ್ತದೆ. ಅದು ಬರುವುದಕ್ಕೆ ಎಷ್ಟೋ ಮೊದಲೇ ಅವನು ಛಾವಣಿಯ ಮೇಲೆ ಬೋರಲಾಗಿ ಬಿದ್ದು, ಎರಡೂ ಮಕ್ಕಳ ತಲೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದ. ಕಿರಿಯವಳು ನೆಟ್ಟಗೆ ಕೂತಿದ್ದರೂ ಆ ತೊಲೆ ಅವಳಿಗೆ ತಾಗುತ್ತಿರಲಿಲ್ಲ.

ಅಂದಿನಿಂದ ಹುಲ್ಡಾ ಯಾರಿಗೂ ಕೈ ಬೀಸಿಲ್ಲ. ದೋಣಿಯ ಕಹಳೆ ಕೇಳಿದರೆ ಮಾಡುತ್ತಿದ್ದ ಕೆಲಸ ಬಿಟ್ಟು, ಅದು ದಾಟುವವರೆಗೂ ಎರಡೂ ಕೈ ಮಡಿಲ ಬಟ್ಟೆಯಲ್ಲಿ ಸುತ್ತಿಕೊಂಡು ನಿಲ್ಲುತ್ತಿದ್ದಳು. ಸೇತುವೆಯ ಮೇಲೆ ಗಾಡಿ ಹೊಡೆದರೆ ಹಲಗೆ ಗುಡುಗುತ್ತಿತ್ತು. ಆ ಸದ್ದಿಗೆ ನನ್ನ ಕತ್ತು ತಾನಾಗಿ ಕುಗ್ಗುತ್ತಿತ್ತು, ನಾನಿದ್ದದ್ದು ಸೇತುವೆಯ ಮೇಲಾದರೂ.

ತಮ್ಮಿಂದ ಉತ್ತರ ಬರಲಿಲ್ಲವೆಂದು ನಾನೇ ಒಂದು ಉಪಾಯ ಮಾಡಿದೆ. ಸೇತುವೆಗೆ ಸ್ವಲ್ಪ ಮೊದಲು ಕಾಲುವೆಗೆ ಅಡ್ಡಲಾಗಿ ಹಗ್ಗ ಬಿಗಿದು ವಿಲೋ ಮರದ ಎಳೆ ಕಡ್ಡಿಗಳನ್ನು ಇಳಿಬಿಟ್ಟೆ. ನಿಂತವರ ಮುಖಕ್ಕೆ ಕಡ್ಡಿ ಸವರುತ್ತಿತ್ತು, ಬೈದುಕೊಂಡು ಬಗ್ಗುತ್ತಿದ್ದರು. ವಾರ ಕಳೆಯುವ ಮೊದಲೇ ತಮ್ಮ ಮೇಲ್ವಿಚಾರಕರು ಕುದುರೆ ಏರಿ ಬಂದರು.

"ಏನಯ್ಯಾ ಥ್ರಾಲ್, ಕಾಲುವೆ ಮೇಲೆ ಪೊರಕೆ ಕಟ್ಟಿದೀಯಲ್ಲ?"

"ತಲೆ ಉಳೀಲಿ ಅಂತ, ಸ್ವಾಮಿ."

"ದೊಡ್ಡಮನುಷ್ಯರ ಟೋಪಿ ನೀರಿಗೆ ಬೀಳ್ತಿವೆಯಂತೆ. ದೂರು ಬಂದಿದೆ. ಕಾಲುವೆ ಮೇಲೆ ಏನೂ ನೇತಾಡಕೂಡದು, ನಿಯಮ."

"ಹಂಗಾದ್ರೆ ಸೇತುವೆ?"

"ಅದು ನೇತಾಡಲ್ಲ ಕಣಯ್ಯಾ, ನಿಂತಿದೆ!"

ಹಗ್ಗ ಕತ್ತರಿಸಿಹಾಕಿದರು. ಟೋಪಿಗೆ ಒಂದೇ ವಾರದಲ್ಲಿ ಸಿಕ್ಕ ನ್ಯಾಯ ಅದರ ಕೆಳಗಿನ ತಲೆಗೆ ಎರಡು ವರ್ಷವಾದರೂ ಸಿಗಲಿಲ್ಲ.

ಆಮೇಲೆ ಹುಲ್ಡಾ ಮಡಿಲ ತುಂಬ ಸೇಬು ತುಂಬಿಕೊಂಡು ದಡದಲ್ಲಿ ನಿಲ್ಲತೊಡಗಿದಳು. ಬಗ್ಗದವರು ಕಂಡರೆ ಕೈ ಮೇಲೆತ್ತದೆ ಸೊಂಟದ ಮಟ್ಟದಿಂದಲೇ ಬೀಸಿ ಎಸೆಯುತ್ತಿದ್ದಳು.

"ಏ ಮುದುಕಿ, ತಲೆಗಿಲೆ ಕೆಟ್ಟಿದೆಯಾ?" ಎಂದು ಒಬ್ಬ ಅರಚಿದ.

"ನಂದು ಕೆಟ್ರೆ ಕೆಡ್ಲಿ, ನಿಂದು ಬಗ್ಸು!"

ತಮ್ಮ ಕಚೇರಿಯ ಮೊತ್ತಮೊದಲ ಉತ್ತರ ಬಂದದ್ದು ಆಗ: ಹೆಂಡತಿಯನ್ನು ಅಂಕೆಯಲ್ಲಿಡತಕ್ಕದ್ದು, ಇಲ್ಲವಾದರೆ ಕ್ರಮ ಜರುಗಿಸಲಾಗುವುದು. ಎಂಥ ಕಾಳಜಿ! ಚಳಿಗಾಲಕ್ಕೆಂದು ಮುಚ್ಚಿದ್ದ ಕಾಲುವೆ ಮತ್ತೆ ತೆರೆದಾಗ ಹುಲ್ಡಾ ನೆಲಮಾಳಿಗೆಯಿಂದ ಮೇಲೆ ಬಂದು, "ಸೇಬು ಮುಗೀತು ಲೆಮ್. ಇನ್ನು ಆಲೂಗಡ್ಡೆ ಎಸೀಲಾ, ಇಲ್ಲಾ ನೀನು ಆ ಸೇತುವೆ ಕೀಳ್ತೀಯಾ?" ಎಂದಳು. ನಾನು ಸಬ್ಬಲು ತೆಗೆದುಕೊಂಡು ಹೋದೆ. ಹಲಗೆ ನಾನು ಕಿತ್ತೆ, ಅವಳು ಹೊತ್ತಳು. ಸಂಜೆಗೆ ತೊಲೆಗಳೂ ದಡ ಸೇರಿದವು. ಈಗ ನನ್ನದೇ ಗೋಧಿಯನ್ನು ನೋಡಲು ನಾನು ಊರ ಸೇತುವೆ ಸುತ್ತಿ ಹೋಗಬೇಕು. ಹೋಗುತ್ತಿದ್ದೇನೆ.

ಆದರೆ ಮಾನ್ಯರೇ, ಸೇತುವೆ ಹೋದರೂ ಚುಕ್ಕಾಣಿಯವರ ಬಾಯಿಯ ರೂಢಿ ಹೋಗಿಲ್ಲ. ಆ ಜಾಗ ಬಂದೊಡನೆ ಖಾಲಿ ಆಕಾಶ ನೋಡಿ "ಬಗ್ಗೀ!" ಎನ್ನುತ್ತಾರೆ. ಇಡೀ ದೋಣಿಯ ಜನ, ಮುದುಕರು, ಎಳೆಯರು, ಎಲ್ಲಿಯವರೋ ಎಲ್ಲಿಗೆ ಹೊರಟವರೋ, ಏನೂ ಇಲ್ಲದ ಗಾಳಿಯ ಕೆಳಗೆ ತಲೆ ಬಗ್ಗಿಸಿ, ಡಾರ್ಕಸ್ ಮಲಗಿರುವ ದಿಬ್ಬದ ಮುಂದೆ ತೇಲಿಹೋಗುತ್ತಾರೆ. ಮೊದಲ ಸಲ ಅದನ್ನು ಕಂಡಾಗ ಹುಲ್ಡಾ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

ನನ್ನ ಬೇಡಿಕೆ ಇಷ್ಟೇ. ಮನುಷ್ಯ ನಿಂತು ದಾಟಬಲ್ಲ ಎತ್ತರದ ಸೇತುವೆಯನ್ನು ಇಲ್ಲಿ ಕಟ್ಟಿಸಿ. ಪಕ್ಕದ ಹೊಲದ್ದನ್ನೂ ಅದರಾಚೆಯದನ್ನೂ ಎತ್ತರಿಸಿ. ಸರ್ಕಾರದ ಸೊತ್ತು ಕಿತ್ತದ್ದಕ್ಕೆ ದಂಡ ವಿಧಿಸುವುದಾದರೆ ಅದನ್ನು ವಸೂಲು ಮಾಡಲು ತಾವೇ ಬನ್ನಿ. ದೋಣಿಯ ಕೋಣೆಯೊಳಗೆ ಕೂರದೆ, ರಾಜಧಾನಿಯಿಂದ ಇಲ್ಲಿಯವರೆಗೂ ಛಾವಣಿಯ ಮೇಲೆ ಕೂತು ಬನ್ನಿ. ದಾರಿಯುದ್ದಕ್ಕೂ ತಮ್ಮ ಸೇತುವೆಗಳೇ ತಮ್ಮನ್ನು ಬಗ್ಗಿಸುತ್ತವೆ. ನನ್ನ ಹೊಲದ ಹತ್ತಿರ ತಲೆಗೆ ತಾಗುವಂಥದು ಏನೂ ಇಲ್ಲ. ಅಲ್ಲಿ ತಲೆ ತಗ್ಗಿಸುವುದೋ ಬಿಡುವುದೋ, ತಮಗೆ ಬಿಟ್ಟದ್ದು.

ಇಂತಿ,
ತನ್ನ ಹೊಲಕ್ಕೆ ತಾನೇ ದಾರಿ ಕಡಿದುಕೊಂಡ,
ಲೆಮ್ಯುಯೆಲ್ ಥ್ರಾಲ್